ತೊಟ್ಟಿಲಿಗೆ ಕೂರಿಸಿದ ನಟ್ಟು

ಟ್ರಯಲ್ ನೋಡದೆ ಒಂದೇ ಒಂದು ಗಾಡಿಯನ್ನೂ ನಾನು ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ಸಿಂಧನೂರಿನಿಂದ ಗೊರೇಬಾಳಕ್ಕೆ ಹೋಗುವ ದಾರಿಯ ಬದಿಗೆ ನನ್ನ ಮೆಕ್ಯಾನಿಕ್ ಅಂಗಡಿ. ಭತ್ತದ ಸುಗ್ಗಿಯಲ್ಲಿ ಕಟಾವು ಮಿಷಿನ್ನು, ಉಳಿದ ದಿನ ಟ್ರ್ಯಾಕ್ಟರು. ರೈತ ಎಷ್ಟೇ ಅವಸರ ಮಾಡಲಿ, ಎಷ್ಟೇ ಬಯ್ಯಲಿ, ಎಂಜಿನ್ ಶುರು ಮಾಡಿ, ಒಂದು ಸುತ್ತು ಓಡಿಸಿ, ಎಲ್ಲಿ ಅಲುಗುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡಿದ ಮೇಲೆಯೇ ಕೀಲಿ ಕೊಡುವುದು. ಅಂಥವನಿಗೆ ಒಂದು ಸಾಮಾನು ಮಾಡು, ಆದರೆ ಟ್ರಯಲ್ ಮಾತ್ರ ಮಾಡಬೇಡ ಎಂದರೆ ಹೇಗಾಗಬೇಡ? ಅದೂ ಮೊಮ್ಮಗಳು ಮಲಗುವ ತೊಟ್ಟಿಲು. ಆ ಕೆಲವು ತಿಂಗಳು ನನ್ನ ತಲೆ ಸರಿಯಿರಲಿಲ್ಲ ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಸರಿಯಿರಲು ಯಾರು ಬಿಟ್ಟರು ಎಂದು ನಾನು ಕೇಳುತ್ತೇನೆ.

ನನಗೆ ಒಬ್ಬಳೇ ಮಗಳು. ಅವಳ ಮೊದಲ ಬಸಿರು ದಿನ ತುಂಬಿದ ಮೇಲೆ ಕೈತಪ್ಪಿತು. ಆ ಸಲ ಅವಳನ್ನು ಹೆರಿಗೆಗೆ ಕರೆತಂದ ವಾರದಲ್ಲೇ ಅಟ್ಟದ ಮೇಲಿದ್ದ ಸಾಗವಾನಿ ತೊಟ್ಟಿಲನ್ನು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ನಡುಮನೆಯಲ್ಲಿ ತೂಗುಹಾಕಿದ್ದೆವು. ಅವಳು ದವಾಖಾನೆಯಿಂದ ಬರಿಗೈಯಲ್ಲಿ ಬಂದ ದಿನ ಅದು ಹಾಗೆಯೇ ನೇತಾಡುತ್ತಿತ್ತು. ನಾವು ಯಾರೂ ಅದರ ನೆನಪೇ ಮಾಡಿಕೊಂಡಿರಲಿಲ್ಲ. ಹೆಂಡತಿ ಒಂದು ಹಳೆಯ ಸೀರೆಯನ್ನು ಅದರ ಮೇಲೆ ಎಸೆದು ಮುಚ್ಚಿದಳು. ಮಗಳು ಸೀರೆಯ ಕಡೆಗೇ ನೋಡುತ್ತ ಒಳಗೆ ಹೋದಳು.

ಎರಡನೆಯ ಸಲ ಹೆಣ್ಣುಕೂಸು. ದಿನ ತುಂಬುವ ಮೊದಲೇ ಬಂತು, ಬಹಳ ಸಣ್ಣದು. ಡಾಕ್ಟರು ಕೂಸು ಗಟ್ಟಿಯಾಗಿದೆ, ತೂಕ ಬರುತ್ತಿದೆ, ಇನ್ನು ಹೆದರಬೇಡಿ ಎಂದು ಹೇಳಿ ಕಳಿಸಿದರು. ಆದರೆ ಮಗಳು ಕೂಸನ್ನು ಕೆಳಗೆ ಇಡಲೊಲ್ಲಳು. ತೊಡೆಯ ಮೇಲೆ, ಎದೆಯ ಮೇಲೆ, ಹೆಗಲ ಮೇಲೆ, ಎಲ್ಲಾದರೂ ಸರಿ, ಅವಳ ಮೈಮೇಲೇ ಇರಬೇಕು. ಅವಳ ತಾಯಿ ಕೇಳಿದರೂ ಕೊಡಲೊಲ್ಲಳು. ನಾನಂತೂ ಮೊಮ್ಮಗಳನ್ನು ಎತ್ತಿಕೊಂಡೇ ಇರಲಿಲ್ಲ. ಮಗಳು ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುವುದು, ಬೆಚ್ಚಿ ಎದ್ದು ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು. ಕೂಸು ಮೈ ತುಂಬಿಕೊಳ್ಳುತ್ತ ಬಂದಂತೆ ಇವಳು ಕರಗುತ್ತ ಬಂದಳು. ಕಣ್ಣು ಗುಳಿ ಬಿದ್ದವು. ಅನ್ನ ಕಲಸಿ ಕೂತು ನಿದ್ದೆಗಣ್ಣಿನಲ್ಲಿ ಮರೆತುಬಿಡುತ್ತಿದ್ದಳು. ಒಂದು ತಾಸು ಕೂಸನ್ನು ಇಟ್ಟು ಮಲಗಿದ್ದರೆ ಸಾಕಿತ್ತು, ನಾವು ಯಾರಿಗೆ ಬೇಕಾದರೂ ಕೈ ಮುಗಿಯುತ್ತಿದ್ದೆವು.

"ತೊಟ್ಲಾ ಇದ್ರ ಇಟ್ಟಾಳು" ಎಂದಳು ಹೆಂಡತಿ.

ಸಾಗವಾನಿ ತೊಟ್ಟಿಲನ್ನು ಮತ್ತೆ ಇಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೊಸದೇ ಆಗಬೇಕು. ಬಜಾರಿನಲ್ಲಿ ಮಡಚುವ ಸ್ಟೀಲಿನ ತೊಟ್ಟಿಲು ಸಿಗುತ್ತದೆ, ತರುತ್ತೇನೆ ಎಂದೆ. ನನ್ನ ಅವ್ವ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದವಳು ತಲೆ ಎತ್ತಿದಳು.

"ಕಬ್ಬಣದಾಗ ಕೂಸಿನ್ನ ಮಲಗಸ್ತಾರೇನಲೇ? ಅದೇನ ನಿನ್ನ ಟ್ಯಾಕ್ಟರ್ ಅಂತ ತಿಳಕೊಂಡಿಯೇನ?"

ಸರಿ, ಕಟ್ಟಿಗೆಯದೇ ಆಗಲಿ, ನಾನೇ ಮಾಡುತ್ತೇನೆ ಎಂದೆ. ಆದರೆ ನಮ್ಮಲ್ಲಿ ಐದನೇ ತಿಂಗಳಿಗೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಸಿನ ಜೊತೆಗೆ ತವರಿನ ತೊಟ್ಟಿಲನ್ನೂ ಕಳಿಸಬೇಕು. ಬೀಗರ ಮನೆ ಲಿಂಗಸುಗೂರಿನಲ್ಲಿ. ಅಳಿಯನ ನೌಕರಿ ಮಸ್ಕಿಯಲ್ಲಿ, ಅಲ್ಲಿ ಒಂದು ಬಾಡಿಗೆ ಮನೆ. ವಾರವೆಲ್ಲ ಮಸ್ಕಿ, ರಜೆ ಬಂದರೆ ಲಿಂಗಸುಗೂರು, ಹಬ್ಬಕ್ಕೆ ಸಿಂಧನೂರು. ತೊಟ್ಟಿಲೂ ಅವರ ಹಿಂದೆ ಬಸ್ಸು ಹತ್ತಿ ತಿರುಗಬೇಕು. ಎಂದರೆ ಅದನ್ನು ಬಿಚ್ಚಿ ಹಲಗೆ ಹಲಗೆ ಮಾಡಿ ಒಂದು ಚೀಲದಲ್ಲಿ ಹಾಕುವ ಹಾಗಿರಬೇಕು, ಊರು ಮುಟ್ಟಿದ ಮೇಲೆ ಜೋಡಿಸುವ ಹಾಗಿರಬೇಕು. ಹಗುರ ಇರಲಿ, ಸಪಾಟಾಗಿರಲಿ ಎಂದು ಪ್ಲೈವುಡ್ ತಂದೆ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಪ್ಲೈವುಡ್ಡಿಗೆ ಸ್ಕ್ರೂ ಹಾಕಿದರೆ ಒಂದು ಸಲ ಗಟ್ಟಿ ಹಿಡಿಯುತ್ತದೆ. ಬಿಚ್ಚಿ ಮತ್ತೆ ಹಾಕಿ, ಮತ್ತೆ ಬಿಚ್ಚಿ ಹಾಕಿ, ತೂತು ಬಾಯಿ ಬಿಡುತ್ತದೆ. ಆಮೇಲೆ ಸ್ಕ್ರೂ ಬೆರಳಲ್ಲೇ ತಿರುಗುತ್ತದೆ. ಕೂಸು ಮಲಗುವ ಸಾಮಾನಿಗೆ ಅದು ಆಗುವ ಮಾತಲ್ಲ. ಕಟ್ಟಿಗೆಯ ಒಳಗೆ ಒಂದು ಲೋಹದ ನಟ್ಟನ್ನು ಶಾಶ್ವತವಾಗಿ ಕೂರಿಸಿಬಿಟ್ಟರೆ, ಬೋಲ್ಟು ಬಂದು ಹೋಗಿ ಮಾಡಿದರೂ ಅದು ಲೋಹದಲ್ಲೇ ತಿರುಗುತ್ತದೆ, ಕಟ್ಟಿಗೆಗೆ ಏನೂ ಆಗುವುದಿಲ್ಲ. ಅಂಥದ್ದು ಇದೆ, ಇನ್ಸರ್ಟ್ ನಟ್ಟು ಎಂದು ಅದರ ಹೆಸರು, ಮೊಬೈಲಿನಲ್ಲಿ ನೋಡಿದ್ದೆ. ಮೊಬೈಲಿನಲ್ಲಿ ಇರುವುದೆಲ್ಲ ಸಿಂಧನೂರಿನಲ್ಲಿ ಇರಬೇಕಲ್ಲ.

"ಒಳಗೂ ಥ್ರೆಡ್, ಹೊರಗೂ ಥ್ರೆಡ್ ಇರೋದು? ಅಂಥಾದ ಬರಂಗಿಲ್ರೀ" ಎಂದ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯವನು. "ಸ್ಕ್ರೂ ಹೊಡದ ಬಿಡ್ರಿ. ಎಲ್ಲಾರೂ ಹಂಗ ಮಾಡ್ತಾರ."

"ಎಲ್ಲಾರೂ ತೊಟ್ಲಾ ಬಿಚ್ಚಿ ಬಸ್ಸಿನಾಗ ಒಯ್ತಾರೇನು?"

"ಒಯ್ಯಬ್ಯಾಡ್ರಿ ಮತ್ತ" ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಅವನ ಅಂಗಡಿಗೆ ನಾನು ಹೋಗುತ್ತಿದ್ದುದು ಇಂದು ನಿನ್ನೆಯಿಂದಲ್ಲ. ಮೈಯೆಲ್ಲ ಉರಿಯಿತು.

ಮೊಬೈಲಿನಲ್ಲೇ ತರಿಸಿದೆ. ಹಿತ್ತಾಳೆಯದು, ನೋಡಲು ಬಹಳ ಚೆಂದ, ಮೈತುಂಬ ಸಣ್ಣ ಸಣ್ಣ ಗೀರು. ಪ್ಲೈವುಡ್ಡಿನ ತುಂಡಿಗೆ ತೂತು ಕೊರೆದು, ಬಡಿದು ಕೂರಿಸಿ, ಬೋಲ್ಟು ಹಾಕಿ ಎಳೆದೆ. ಹಲ್ಲು ಕಿತ್ತ ಹಾಗೆ ಹೊರಗೆ ಬಂತು. ಆಮೇಲೆ ತಿಳಿಯಿತು, ಅದು ಪ್ಲಾಸ್ಟಿಕ್ಕಿಗೆ ಕಾಯಿಸಿ ಕೂರಿಸುವಂಥದ್ದು. ಕಟ್ಟಿಗೆಯನ್ನು ಹಿಡಿಯಲು ಅದಕ್ಕೆ ಉಗುರೇ ಇಲ್ಲ. ಮಾರುವವರು ಕೆಳಗೆ ಕಟ್ಟಿಗೆಗೂ ಬರುತ್ತದೆ ಎಂದು ಬರೆದಿದ್ದರು. ಬರೆಯಲು ಅವರ ಗಂಟೇನು ಹೋಗುತ್ತದೆ?

ಬೀಗರ ಮನೆಗೆ ಹೋದಾಗ ಲಿಂಗಸುಗೂರಿನ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬ ಅಂಗಡಿಯವನು ಡಬ್ಬಿ ತಡಕಾಡಿ ನಾಲ್ಕು ಹಲ್ಲಿನ ನಟ್ಟು ಕೊಟ್ಟ. ಚಪ್ಪಟೆ ತಲೆ, ತಲೆಯಂಚಿನಲ್ಲಿ ಚೂಪಾದ ಹಲ್ಲು, ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದರೆ ಹಲ್ಲು ಕಟ್ಟಿಗೆಯನ್ನು ಕಚ್ಚುತ್ತದೆ. "ಸೋಫಾ ಮಾಡೋರು ಇದನ್ನ ಒಯ್ತಾರ ನೋಡ್ರಿ" ಎಂದ. ಇದು ಬೋಲ್ಟು ಎಳೆದಷ್ಟೂ ಗಟ್ಟಿಯಾಗುವ ಜಾತಿ, ನನಗೆ ಹಿಡಿಸಿತು. ಆದರೆ ಬೋಲ್ಟನ್ನು ಬಿಚ್ಚುವಾಗ ಸ್ವಲ್ಪ ಒತ್ತಿದರೆ ಸಾಕು, ಹಲ್ಲು ಸಡಿಲಾಗಿ ನಟ್ಟು ಹಿಂದಕ್ಕೆ ಬೀಳುತ್ತದೆ. ಬೀಳುವುದು ಎಲ್ಲಿ? ತೊಟ್ಟಿಲಿನ ಒಳಗೆ, ಕೂಸಿನ ಹಾಸಿಗೆಯಲ್ಲಿ, ಚೂಪಾದ ಹಲ್ಲು ಮೇಲೆ ಮಾಡಿಕೊಂಡು. ಇದು ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ. ಊರು ಮುಟ್ಟಿದ ಕೂಡಲೇ ಆ ನಟ್ಟುಗಳನ್ನು ನನ್ನ ಅಂಗಡಿಯ ಮಾಡಿನ ಮೇಲೆ ಎಸೆದೆ, ಇನ್ನೂ ಅಲ್ಲೇ ಇರಬೇಕು.

ಮಸ್ಕಿಯಲ್ಲಿ ನನ್ನ ಹಳೆಯ ದೋಸ್ತನೊಬ್ಬ ಇದ್ದಾನೆ, ಬಡಗಿ. ಅವರ ತಂದೆಯ ಕಾಲದಿಂದಲೂ ಬಾಗಿಲು ಕಿಟಕಿ ಮಾಡುವವರು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವನ ಹತ್ತಿರ ಹೈದರಾಬಾದಿನಿಂದ ತಂದ, ತಿರುಪಿ ಕೂರಿಸುವ ನಟ್ಟುಗಳಿದ್ದವು. ಹೊರಮೈಗೆ ದಪ್ಪ ಥ್ರೆಡ್ಡು, ಒಳಗೆ ಬೋಲ್ಟಿನ ಥ್ರೆಡ್ಡು, ಮೇಲೆ ಟೋಪಿಯಂಥ ಅಂಚು. ನನಗೆ ಬೇಕಾದದ್ದು ಇದೇ. ಎಲ್ಲಿ ಕೂರಿಸಬೇಕು ಎಂದು ಕೇಳಿದೆ.

"ಹಲಗಿ ಅಂಚಿಗೆ ಹೊಡೀರಿ ಭಾಯ್. ಎರಡ ಹಲಗಿ ಕೂಡೋದು ಅಲ್ಲೇ ಅಲ್ರೀ? ಏನ್ ಆಗಂಗಿಲ್ಲ, ನಾ ಅದೀನಿ."

ಅವನು ಅದಾನೆ ಎಂದು ನಾನು ಪ್ಲೈವುಡ್ಡಿನ ಅಂಚಿಗೇ ತೂತು ಕೊರೆದೆ. ನಟ್ಟು ತಿರುಗುತ್ತ ಒಳಗೆ ಹೋಯಿತು, ಅರ್ಧ ಹೋಗುವಷ್ಟರಲ್ಲಿ ಪದರುಗಳು ಪುಸ್ತಕದ ಹಾಗೆ ಬಿಚ್ಚಿಕೊಂಡವು. ತೂತು ದೊಡ್ಡದು ಮಾಡಿದೆ, ಸಡಿಲಾಯಿತು. ಇನ್ನೊಂದು ಕಡೆ ಕೊರೆದೆ, ಅಲ್ಲಿ ಒಳಪದರಿನಲ್ಲಿ ಕಟ್ಟಿಗೆಯೇ ಇರಲಿಲ್ಲ, ಬರೀ ಪೊಳ್ಳು. ಮೇಲೆ ಹದಿನೆಂಟು ಎಂ.ಎಂ. ಎಂದು ಮುದ್ರೆ, ಅಳತೆ ಇಟ್ಟು ನೋಡಿದರೆ ಅದೂ ಸುಳ್ಳು. ಎಂಜಿನ್ನಿನ ಪಿಸ್ಟನ್ನು ಹೀಗೆ ಸುಳ್ಳು ಹೇಳಿದರೆ ಒಂದು ದಿನ ಗಾಡಿ ಓಡೀತೇ? ಮಸ್ಕಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ.

"ಪ್ಲೈಚ್ ಖರಾಬ್ ಹೈ ಭಾಯ್" ಎಂದ, ತಣ್ಣಗೆ. ತಪ್ಪೆಲ್ಲ ಪ್ಲೈವುಡ್ಡಿನದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೆಂದೆ. "ಹೌದ್ರೀ, ನೆಲಾನೂ ಡೊಂಕೇ ಐತಲ್ರೀ" ಎಂದು ನಕ್ಕ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಪ್ಲೈವುಡ್ಡನ್ನು ಬದಲಾಯಿಸಿದೆ, ಪೊಳ್ಳಿಲ್ಲದ್ದು, ಪದರು ಹೆಚ್ಚಿರುವುದು. ಅಂಚಿನ ಆಸೆ ಬಿಟ್ಟೆ. ಹಲಗೆಯ ಅಗಲದ ಮೈಗೇ ನಟ್ಟು, ಮೂಲೆಗೆ ಹೊರಗಿನಿಂದ ಕಬ್ಬಿಣದ ಕೋನಪಟ್ಟಿ, ಅದರ ಮೂಲಕ ಬೋಲ್ಟು. ಕೋನಪಟ್ಟಿಯನ್ನು ಕಂಡರೆ ಅವ್ವ ಏನನ್ನುತ್ತಾಳೋ ಎಂದು ಅದಕ್ಕೆ ಕಟ್ಟಿಗೆಯ ಬಣ್ಣ ಹೊಡೆದೆ. ನಟ್ಟನ್ನು ಮೊದಲು ಬೋಲ್ಟು ಬರುವ ಕಡೆಯಿಂದಲೇ ಕೂರಿಸಿದ್ದೆ. ಬಿಗಿ ಮಾಡುವಾಗ ನನ್ನ ಕೈ ಸುಮ್ಮನಿರಬೇಕಲ್ಲ. ಎಂಜಿನ್ ಹೆಡ್ಡಿನ ಬೋಲ್ಟು ತಿರುವಿದ ಕೈ ಅದು, ಇನ್ನು ಅರ್ಧ ಸುತ್ತು ಬರುತ್ತದೆ ಅನ್ನಿಸಿದರೆ ತಿರುಗಿಸದೆ ಬಿಡದು. ತಿರುಗಿಸಿದೆ. ಟಕ್ ಎಂದು ನಟ್ಟು ಕಟ್ಟಿಗೆಯ ಪುಡಿಯ ಸಮೇತ ಎದ್ದು ಬಂತು. ಆ ಹಲಗೆ ಹೋಯಿತು. ಇನ್ನೊಂದು ಹಲಗೆಯೂ ಹಾಗೇ ಹೋಯಿತು. ಹೆಂಡತಿ ಚಹಾ ತಂದವಳು ನೋಡಿ, "ಕಟಿಗಿ ಜೋಡಿ ಕುಸ್ತಿ ಹಿಡದೀರೇನು?" ಎಂದು ಕಪ್ಪು ಇಟ್ಟು ಹೋದಳು. ನಾನು ಆ ಚಹಾ ಕುಡಿಯಲಿಲ್ಲ.

ಕೊನೆಗೆ ಲಿಂಗಸುಗೂರಿನ ಹಲ್ಲಿನ ನಟ್ಟಿನ ಬುದ್ಧಿಯನ್ನೂ ಮಸ್ಕಿಯ ತಿರುಪಿನ ನಟ್ಟನ್ನೂ ಕೂಡಿಸಿದೆ. ಟೋಪಿಯಂಚಿನ ನಟ್ಟನ್ನು ಎಳೆತದ ಕಡೆಯಿಂದ ಕೂರಿಸದೆ ಅದರ ಎದುರಿನಿಂದ, ಎಂದರೆ ತೊಟ್ಟಿಲಿನ ಒಳಮೈಯಿಂದ ಕೂರಿಸಿದೆ. ಈಗ ಹೊರಗಿನಿಂದ ಬೋಲ್ಟು ಎಳೆದರೆ ಟೋಪಿಯೇ ಹಲಗೆಗೆ ಅಡ್ಡ ನಿಲ್ಲುತ್ತದೆ, ಕಿತ್ತು ಬರಬೇಕಾದರೆ ಹಲಗೆಯೇ ಒಡೆಯಬೇಕು. ಟೋಪಿ ಕೂಸಿಗೆ ತಾಗದಂತೆ ಸ್ವಲ್ಪ ತಗ್ಗು ಕೊರೆದು ಕೂರಿಸಿ, ಕೈಯಾಡಿಸಿ ನೋಡಿದೆ. ನುಣುಪಾಗಿತ್ತು. ಒಂದು ಮೂಲೆಯ ತುಂಡನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಸಾಕುಮಾಡಿದೆ, ಏನೂ ಆಗಲಿಲ್ಲ. ತುಂಡಿನ ಮಟ್ಟಿಗೆ ಸರಿ. ಇನ್ನು ಪೂರ್ತಿ ತೊಟ್ಟಿಲನ್ನು ಸರಪಳಿಗೆ ಹಾಕಿ, ಭಾರ ಇಟ್ಟು, ಜೋರಾಗಿ ತೂಗಿ ನೋಡಬೇಕು.

ನಡುಮನೆಯ ಕೊಂಡಿಗೆ ತೊಟ್ಟಿಲು ಏರಿಸಿದೆ. ಭತ್ತದ ಸಣ್ಣ ಚೀಲ ತಂದು ಒಳಗೆ ಇಡುವುದರಲ್ಲಿದ್ದೆ, ಅವ್ವ ಬಂದು ಸರಪಳಿ ಹಿಡಿದುಕೊಂಡಳು.

"ಏನ್ ಮಾಡಾಕತ್ತೀಲೇ?"

"ಟ್ರಯಲ್ ನೋಡ್ತೀನಬೇ."

"ಖಾಲಿ ತೊಟ್ಲಾ ತೂಗಬಾರದು. ಸಣ್ಣ ಹುಡುಗರಿಗೂ ಗೊತ್ತೈತಿ."

"ಖಾಲಿ ಎಲ್ಲೈತಿ, ಭತ್ತ ಇಡಾಕತ್ತೀನಲ್ಲ."

"ಭತ್ತ ಏನ ನಿನ್ನ ಮಮ್ಮಗಳೇನು? ಕೂಸಿಲ್ದ ತೊಟ್ಲಾ ತೂಗಿದ್ರ ಕೂಸಿಗೆ ಆಗಿಬರಂಗಿಲ್ಲ. ಆ ಹುಡಿಗಿ ಮನಸಿಗೆ ಏನಾಗಬ್ಯಾಡ? ಒಮ್ಮೆ ಆಗಿದ್ದು ಸಾಲದೇನು ನಿನಗ?"

ಹೆಂಡತಿಯೂ ಅವಳ ಕಡೆ. ನಾನು ಕೂಗಾಡಿದೆ. ಬ್ರೇಕ್ ನೋಡದೆ ಗಾಡಿ ಕೊಟ್ಟವನನ್ನು ಜೈಲಿಗೆ ಹಾಕುತ್ತಾರೆ ಎಂದೆ. ಕೂಸಿನ ಭಾರ ಬಿದ್ದ ಮೇಲೆ ಟ್ರಯಲ್ ನೋಡುವುದೇನು ಎಂದೆ. ಒಳಗಿನ ಕೋಣೆಯಲ್ಲಿ ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಅವಳ ಮನಸ್ಸಿಗೆ ಏನೂ ಆಗಬಾರದೆಂದು ನಾವು ಮೂವರೂ ಅಷ್ಟು ಹೊತ್ತು ಜಗಳ ಮಾಡಿದೆವು. ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಚೀಲ ಎತ್ತಿ ಒಳಗಿಟ್ಟೆ. ಅಂದಿನಿಂದ ತೊಟ್ಟಿಲ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಕೈ ತುರಿಸುತ್ತಿತ್ತು. ಬೋಲ್ಟುಗಳ ಬಿಗಿಯನ್ನು ಅಲನ್ ಕೀಯಿಂದ ತಿರುಗಿಸಿ ನೋಡುವುದು, ಅವ್ವ ಕೆಮ್ಮುವುದು, ನಾನು ಹೊರಗೆ ಹೋಗುವುದು, ದಿನವೂ ಇದೇ ಆಟ.

ಕೂಸು ಸಣ್ಣದೆಂದು ಮುಂದಕ್ಕೆ ಹಾಕಿದ್ದ ಹೆಸರಿಡುವ ಕಾರ್ಯವನ್ನು ಐದನೇ ತಿಂಗಳಲ್ಲಿ ಇಟ್ಟುಕೊಂಡೆವು. ಬೀಗರು ಲಿಂಗಸುಗೂರಿನಿಂದ ಬೆಳಿಗ್ಗೆಯೇ ಬಂದರು. ಅವತ್ತೇ ಸಂಜೆಯ ಬಸ್ಸಿಗೆ ಮಗಳನ್ನೂ ಕೂಸನ್ನೂ ತೊಟ್ಟಿಲನ್ನೂ ಕರೆದೊಯ್ಯುವ ಮಾತು. ಓಣಿಯ ಹೆಂಗಸರು ಸೇರಿದರು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ರುಬ್ಬುವ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ, ಕಣ್ಣಿಗೆ ಕಾಡಿಗೆ ಇಟ್ಟು, ಅದನ್ನೇ ಕೂಸೆಂದು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕಲ್ಲು ನೋಡಿ ನಾನು ಅವ್ವನ ಕಡೆ ತಿರುಗಿದೆ.

"ಕಲ್ಲು ನಡೀತೈತಿ, ಭತ್ತ ನಡಿಯಂಗಿಲ್ಲೇನಬೇ?"

"ನೀ ಗಂಡಸು, ನಿನಗ ತಿಳಿಯಂಗಿಲ್ಲ, ಆ ಕಡೆ ಸರಿ" ಎಂದಳು.

ಇರಲಿ, ಹೇಗೂ ಭಾರ ಬೀಳುತ್ತದಲ್ಲ, ಇದೇ ಟ್ರಯಲ್ ಎಂದು ನಾನು ಕಂಬದ ಹತ್ತಿರ ನಿಂತೆ. ಆ ಹೆಂಗಸರು ಎರಡು ಬೆರಳಲ್ಲಿ, ದೇವರಿಗೆ ಗಾಳಿ ಹಾಕಿದಂತೆ, ಒಂದಿಷ್ಟು ಆಚೆ, ಒಂದಿಷ್ಟು ಈಚೆ ತೂಗಿ, ಹಾಡು ಮುಗಿಸಿ, ಕಲ್ಲನ್ನು ತೆಗೆದು ಪಕ್ಕಕ್ಕೆ ಇಟ್ಟರು. ಅದೂ ಒಂದು ಟ್ರಯಲ್ಲೇ? ನೊಣ ಕೂತರೂ ತೊಟ್ಟಿಲು ಅದಕ್ಕಿಂತ ಹೆಚ್ಚು ಅಲುಗೀತು.

ಮಗಳು ಕೂಸನ್ನು ತೊಟ್ಟಿಲಲ್ಲಿ ಇಟ್ಟಳು. ಇಟ್ಟಳು ಎನ್ನುವುದೂ ತಪ್ಪು, ಅವಳ ಕೈ ಕೂಸಿನ ಬೆನ್ನಿನ ಕೆಳಗೇ ಇತ್ತು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು, ಎಲ್ಲರೂ ಅವಳ ಬೆನ್ನು ತಟ್ಟಿ ನಕ್ಕರು. ಅಷ್ಟರೊಳಗೆ ಮಗಳು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿಯಾಗಿತ್ತು. ನನಗೆ ಅಳು ಬಂತೋ ಸಿಟ್ಟು ಬಂತೋ ಈಗಲೂ ಹೇಳಲಾರೆ. ಮೂರು ಊರು ತಿರುಗಿ, ಹಲಗೆ ಮೇಲೆ ಹಲಗೆ ಹಾಳು ಮಾಡಿ ಇದನ್ನು ಮಾಡಿದ್ದು ಹೆಂಗಸರು ಹಾಡು ಹೇಳಲಿಕ್ಕೇನು? ಇವಳು ಹೀಗೆಯೇ ಕೂಸನ್ನು ಅವಚಿಕೊಂಡು ಗಂಡನ ಮನೆಗೆ ಹೋಗುತ್ತಾಳೆ, ಅಲ್ಲಿ ಗೋಡೆಗೆ ಒರಗಿ ಕೂತು ಇನ್ನಷ್ಟು ಕರಗುತ್ತಾಳೆ. ಹೋಳಿಗೆ ಬಾಯಿಗೆ ಹೋಗಲಿಲ್ಲ.

ಊಟ ಮುಗಿಯಿತು. ಬೀಗರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಡುಮನೆಯಲ್ಲಿ ಅವ್ವ ಗೋಡೆಗೆ ಒರಗಿದ್ದಳು. ಬಸ್ಸಿಗೆ ಹೊತ್ತಾಗುತ್ತದೆ, ತೊಟ್ಟಿಲು ಬಿಚ್ಚಿ ಚೀಲಕ್ಕೆ ಹಾಕೋಣವೆಂದು ನಾನು ಅಲನ್ ಕೀ ಹಿಡಿದು ಬಂದೆ. ಮಗಳು ಕೋಣೆಯಿಂದ ಹೊರಗೆ ಬಂದಳು.

"ಹಿಡಿ ಅಪ್ಪ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟಳು.

ಕೀ ಕೆಳಗೆ ಬಿತ್ತು. ಐದು ತಿಂಗಳಲ್ಲಿ ಅವಳು ಕೂಸನ್ನು ಕೊಟ್ಟದ್ದು ಅದೇ ಮೊದಲು. ನಾನು ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಹಾಗೇ ನಿಂತೆ. ಅವಳು ತೊಟ್ಟಿಲಿನ ಹಾಸಿಗೆ ತೆಗೆದು ಕೆಳಗೆ ಹಾಕಿದಳು. ದಿಂಬು ತೆಗೆದಳು. ಬರಿದಾದ ತೊಟ್ಟಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ ಕೆಳಕ್ಕೆ ಜಗ್ಗಿದಳು. ಆಮೇಲೆ ಜೋರಾಗಿ ನೂಕಿದಳು. ಸರಪಳಿ ಕಿರ್ರೆಂದಿತು.

"ಯವ್ವಾ, ಬ್ಯಾಡವ್ವ. ಖಾಲಿ ತೊಟ್ಲಾ, ಬಿಡು" ಎಂದು ಅವ್ವ ಗೋಡೆ ಹಿಡಿದು ಏಳತೊಡಗಿದಳು.

ಮಗಳು ಬಿಡಲಿಲ್ಲ. ಮತ್ತೆ ನೂಕಿದಳು, ಮತ್ತೆ. ಖಾಲಿ ತೊಟ್ಟಿಲು ನಡುಮನೆಯ ಈ ಕಡೆಯಿಂದ ಆ ಕಡೆಗೆ ಹೋಗಿ ಬಂತು. ಅವಳಿಗೆ ಉಸಿರು ಹತ್ತಿತ್ತು.

"ಅಜ್ಜಿ, ಹ್ವಾದ ಸಲ ಯಾರೂ ತೂಗಿದ್ದಿಲ್ಲ" ಎಂದಳು. "ಕಟ್ಟಿದ ಮ್ಯಾಲ ಯಾರೂ ಕೈ ಸುದ್ದಾ ಹಚ್ಚಿದ್ದಿಲ್ಲ. ಆದ್ರೂ ಹೋತಲ್ಲ."

ಅವ್ವ ಅರ್ಧ ಎದ್ದವಳು ಹಾಗೇ ಕೂತುಬಿಟ್ಟಳು.

ತೊಟ್ಟಿಲು ನಿಧಾನಕ್ಕೆ ನಿಂತಿತು. ಮಗಳು ಕೆಳಗೆ ಬಿದ್ದಿದ್ದ ಕೀ ತೆಗೆದುಕೊಂಡು ಒಂದೊಂದೇ ಬೋಲ್ಟಿಗೆ ಹಾಕಿ ತಿರುಗಿಸಿ ನೋಡಿದಳು. ಯಾವುದೂ ಮಿಸುಕಲಿಲ್ಲ. ಒಳಗೆ ಕೈ ಹಾಕಿ ನಟ್ಟುಗಳ ಮೇಲೆಲ್ಲ ಬೆರಳು ಆಡಿಸಿದಳು. ಹಾಸಿಗೆ ಹಾಸಿದಳು. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಮಲಗಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಅಲ್ಲೇ ತೊಟ್ಟಿಲ ಕೆಳಗಿನ ಚಾಪೆಯ ಮೇಲೆ ಉರುಳಿದಳು, ಸೆರಗನ್ನೂ ಸರಿಮಾಡಿಕೊಳ್ಳಲಿಲ್ಲ.

ತೊಟ್ಟಿಲು ಹೇಗಾಗಿದೆ ಎಂದು ಕೇಳಲು ನಾನು ಬಾಯಿ ತೆರೆದೆ. ಅವಳು ಆಗಲೇ ಗೊರಕೆ ಹೊಡೆಯುತ್ತಿದ್ದಳು.

ಹೊರಗಿನಿಂದ ಬೀಗತಿ ಕರೆಯುತ್ತ ಬಂದರು, ಬಸ್ಸಿನ ಹೊತ್ತಾಯಿತು, ತೊಟ್ಟಿಲು ಇನ್ನೂ ಬಿಚ್ಚಿಲ್ಲವೇ ಎಂದು. ಅವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಹೋಗಿ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಆಕಿ ಮಲಗ್ಯಾಳ್ರೀ" ಎಂದಳು ಮೆಲ್ಲಗೆ. "ಬಸ್ಸು ನಾಳೀನೂ ಬರ್ತೈತಿ."